ಬದಲಿ ನಿಂತವಳ ಬೆಳಕು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಕ್ಲಾರಿಸ್ ವೇನ್ ಅವರೇ, ಛಾಯಾಗ್ರಾಹಕರ ಸಂಘದ ಹಿರಿಯರೇ, ಸಭಿಕರೇ, ನನಗೆ ಮದುವೆಯಾಯಿತು! ಕಳೆದ ಶನಿವಾರ, ನಮ್ಮ ಅರ್ಮೇನಿಯನ್ ಚರ್ಚಿನಲ್ಲಿ, ತಲೆಯ ಮೇಲೆ ಕಿರೀಟ ಇಟ್ಟು!

ಕ್ಷಮಿಸಿ. ಭಾಷಣ ಹೀಗೆ ಶುರುವಾಗಬಾರದು ಎಂದು ಕಾರಿನಲ್ಲಿ ಬರುವಾಗಲೇ ನೂಬಾರ್ ಎಚ್ಚರಿಸಿದ್ದ. "ಮೊದ್ಲು ನಿಮ್ಮಪ್ಪನ ವಿಷ್ಯ ಹೇಳು ಝಬೆಲ್, ನನ್ನ ವಿಷ್ಯ ಕೊನೆಗೆ" ಅಂದಿದ್ದ. ನೂಬಾರ್ ಎಂದರೆ ನನ್ನ ಗಂಡ. ನನ್ನ ಗಂಡ! ಈ ಮಾತು ಹೇಳುವಾಗೆಲ್ಲ ನನಗೆ ನಗು ಬರುತ್ತದೆ, ಏನು ಮಾಡಲಿ? ಅಗೋ, ಕಂಬದ ಪಕ್ಕದ ಮೇಜಿನಲ್ಲಿ ಕೂತಿದ್ದಾನೆ. ಕೈ ಬೀಸಬೇಡ ನೂಬಾರ್, ಎಲ್ಲರೂ ನೋಡುತ್ತಿದ್ದಾರೆ. ಅವನೂ ನಿಮ್ಮ ಕಸುಬಿನವನೇ. ಟೆಲಿವಿಷನ್ನಿನಲ್ಲಿ ಕ್ಯಾಮೆರಾ ನಡೆಸುತ್ತಾನೆ. ನಿಮ್ಮಲ್ಲಿ ಕೆಲವರು ಮುಖ ಸಿಂಡರಿಸಿದ್ದು ನನಗೆ ಇಲ್ಲಿಂದಲೇ ಕಾಣಿಸಿತು. ಟೆಲಿವಿಷನ್ನಿನ ಬೆಳಕನ್ನು ನನ್ನ ತಂದೆ ಹಲ್ಲಿನ ಡಾಕ್ಟರ ಕೋಣೆಯ ಬೆಳಕು ಎಂದು ಕರೆಯುತ್ತಿದ್ದರು. ಹಲ್ಲು ಚೆನ್ನಾಗಿ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ ಎನ್ನುತ್ತಿದ್ದರು.

ಈ ರಾತ್ರಿ ನೀವು ಸನ್ಮಾನಿಸುತ್ತಿರುವುದು ಆ ತಂದೆಯನ್ನು. ನೀವು ಬಲ್ಲ ಹೆಸರು ವಿಕ್ಟರ್ ಟೆರಿ. ಮನೆಯಲ್ಲಿ ವಾಹಾನ್ ತೆರ್ಜಿಯಾನ್. ಅಷ್ಟುದ್ದದ ಹೆಸರು ತೆರೆಯ ಮೇಲೆ ಹಿಡಿಸುವುದಿಲ್ಲ ಎಂದು ಸ್ಟುಡಿಯೋದವರು ಕತ್ತರಿಸಿದ್ದರು. ತಂದೆ ಈ ರಾತ್ರಿ ಬಂದಿಲ್ಲ. ನಿಮ್ಮ ಕಾರ್ಯದರ್ಶಿಗಳು ಫ್ರೆಸ್ನೋದ ಅವರ ತೋಟದ ಮನೆಗೆ ಫೋನ್ ಮಾಡಿ ಕರೆದಾಗ, "ತೋಟದಲ್ಲಿ ದ್ರಾಕ್ಷಿ ಒಣಗೋಕೆ ಹಾಕಿದೀನಿ. ಮಳೆ ಬಂದ್ರೆ ನೀವು ಬಂದು ಎತ್ತಿಡ್ತೀರಾ?" ಎಂದರಂತೆ. ಆದ್ದರಿಂದ ಪದಕವನ್ನು ನನ್ನ ಕೈಗೆ ಕೊಟ್ಟು, "ಮಗಳು ತಂದೆಗೆ ತಲುಪಿಸಲಿ" ಎಂದು ಅಧ್ಯಕ್ಷರು ಹೇಳಿದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ.

ಅಧ್ಯಕ್ಷರಿಗೆ ಗೊತ್ತಿಲ್ಲದ ಒಂದು ವಿಷಯವಿದೆ. ನಾಲ್ಕು ವರ್ಷದಿಂದ ನನಗೂ ನನ್ನ ತಂದೆಗೂ ಮಾತಿಲ್ಲ. ನನ್ನ ಮದುವೆಗೆ ನಾನು ಅವರನ್ನು ಕರೆಯಲಿಲ್ಲ. ಹಾಗಾದರೆ ಈ ಪದಕವನ್ನು ಯಾರು ಒಯ್ಯಬೇಕು? ನಾನು ಆ ಮನೆಯ ಬಾಗಿಲಿಗೆ ಹೋಗಬೇಕೇ, ಬೇಡವೇ? ಇದನ್ನು ತೀರ್ಮಾನಿಸದೆಯೇ ನಾನು ಇಲ್ಲಿಗೆ ಬಂದಿದ್ದೇನೆ. ನಿಮ್ಮೆದುರು ಮಾತಾಡುತ್ತ ಮಾತಾಡುತ್ತ ತೀರ್ಮಾನವಾದೀತು ಎಂಬ ಆಸೆಯಿಂದ ಬಂದಿದ್ದೇನೆ.

ಅವರ ಕೆಲಸದ ಬಗ್ಗೆ ನಾನು ನಿಮಗೆ ಹೇಳಬೇಕಾದ್ದೇನಿದೆ? ಕ್ಯಾಮೆರಾದ ಹಿಡಿಯನ್ನು ಕೈಯಿಂದ ತಿರುಗಿಸಿ ಚಿತ್ರ ತೆಗೆಯುತ್ತಿದ್ದ ಕಾಲದಲ್ಲಿ ಅವರು ಈ ಊರಿಗೆ ಬಂದರು. ಹಿಡಿಯ ವೇಗ ತಪ್ಪದಿರಲೆಂದು ಚರ್ಚಿನ ಸ್ತೋತ್ರ ಗುನುಗುತ್ತಿದ್ದರಂತೆ. ಓಡುವ ಕುದುರೆ, ಬೀಳುವ ಸೇತುವೆ, ಚುಂಬನ, ಎಲ್ಲಕ್ಕೂ ಒಂದೇ ಸ್ತೋತ್ರ. ಚಿತ್ರಗಳಿಗೆ ಮಾತು ಬಂದಾಗ ಕ್ಯಾಮೆರಾದ ಸದ್ದು ಕೇಳಬಾರದೆಂದು ಅವರನ್ನು ಕ್ಯಾಮೆರಾದ ಸಮೇತ ಗಾಳಿಯಾಡದ ಪೆಟ್ಟಿಗೆಯೊಳಗೆ ಕೂಡಿಹಾಕಿದರು. ಬಣ್ಣ ಬಂದಾಗ ದೀಪಗಳ ಶಾಖಕ್ಕೆ ಹುಬ್ಬು ಸೀದುಹೋಯಿತು. ಕೊನೆಗೆ ಅಗಲದ ತೆರೆ ಬಂತು. ಅವರ ಹಳೆಯ ಚಿತ್ರಗಳನ್ನೆಲ್ಲ ಮೇಲೆ ಕೆಳಗೆ ಕತ್ತರಿಸಿ ಅದರಲ್ಲಿ ತೋರಿಸತೊಡಗಿದಾಗ ಅವರು ಪೆಟ್ಟಿಗೆ ಕಟ್ಟಿಕೊಂಡು ಫ್ರೆಸ್ನೋಗೆ ಹೋದರು. ಊಟಕ್ಕೆ ಮೊದಲು ನೀವು ತೋರಿಸಿದ ತುಣುಕುಗಳನ್ನೂ ಹಾಗೆಯೇ ಕತ್ತರಿಸಿ ತೋರಿಸಿದಿರಿ. ಛಾಯಾಗ್ರಾಹಕರ ಸಂಘದವರೇ ಹೀಗೆ ಮಾಡಿದರೆ ಇನ್ನು ಯಾರನ್ನು ದೂರುವುದು?

ಇರಲಿ. ಕ್ಲಾರಿಸ್ ವೇನ್ ಅವರು ಆಗಲೇ ಎಷ್ಟು ಚೆಂದದ ಮಾತು ಹೇಳಿದರು! "ವಿಕ್ಟರ್ ನನ್ನ ಮುಖವನ್ನ ನನಗಿಂತ ಚೆನ್ನಾಗಿ ಬಲ್ಲ" ಎಂದರು. ಅವರ ಒಪ್ಪಂದದಲ್ಲಿಯೇ ಹಾಗೆ ಬರೆದಿರುತ್ತಿತ್ತು: ವಿಕ್ಟರ್ ಟೆರಿ ಕ್ಯಾಮೆರಾದ ಹಿಂದೆ ಇಲ್ಲದಿದ್ದರೆ ಕ್ಲಾರಿಸ್ ವೇನ್ ಕ್ಯಾಮೆರಾದ ಮುಂದೆ ಬರುವುದಿಲ್ಲ. ಈ ಸಭೆಯಲ್ಲಿ ಎಲ್ಲರಿಗೂ ಅದು ಗೊತ್ತು. ಆದರೆ ಬೆಳಕು ಹೊಂದಿಸುವಷ್ಟು ಹೊತ್ತು ದೀಪದ ಕೆಳಗೆ ನಿಂತವರು ಯಾರು? ಒಂದು ದೀಪ ಮೇಲೆತ್ತಿ, ಇನ್ನೊಂದಕ್ಕೆ ಪರದೆ ಕಟ್ಟಿ, ಮೂರನೆಯದನ್ನು ಆರಿಸಿ, ಅರ್ಧ ದಿನ ಹೀಗೆ ಕಳೆಯುವಾಗ ಕ್ಲಾರಿಸ್ ಅವರು ತಮ್ಮ ಕೋಣೆಯಲ್ಲಿ ಪಾದ ಒತ್ತಿಸಿಕೊಳ್ಳುತ್ತಿದ್ದರು. ಅವರ ಜಾಗದಲ್ಲಿ ಅವರಷ್ಟೇ ಎತ್ತರದ, ಅವರದೇ ಬಣ್ಣದ, ಅವರಂಥದ್ದೇ ಕೆನ್ನೆಯ ಒಬ್ಬ ಹೆಂಗಸು ಬದಲಿ ನಿಲ್ಲುತ್ತಿದ್ದಳು. ಎಲ್ಲ ಸರಿಹೋದ ಮೇಲೆ "ಸಾಕು ರೋಸಿ, ಜಾಗ ಬಿಡು" ಎಂದು ಯಾರೋ ಕೂಗುತ್ತಿದ್ದರು. ಅವಳು ಜಾಗ ಬಿಡುತ್ತಿದ್ದಳು. ಕ್ಲಾರಿಸ್ ಅವರು ಬಂದು ನಿಲ್ಲುತ್ತಿದ್ದರು. ಆಗ ಕ್ಯಾಮೆರಾ ಓಡುತ್ತಿತ್ತು.

ಸ್ಟುಡಿಯೋದ ರೋಸಿ ಮನೆಯಲ್ಲಿ ವರ್ತೂಹಿ. ನನ್ನ ಅಮ್ಮ.

ಸೆಟ್ಟಿಗೆ ನನ್ನನ್ನೂ ಕರೆದೊಯ್ಯುತ್ತಿದ್ದಳು. "ಕಣ್ಮುಚ್ಕೊ ಹೋಕಿಸ್" ಎನ್ನುತ್ತಿದ್ದಳು. ಹೋಕಿಸ್ ಎಂದರೆ ನಮ್ಮಲ್ಲಿ ನನ್ನ ಜೀವವೇ ಎಂದು. "ಕೆನ್ನೆಗೆ ಎಲ್ಲಿ ಬಿಸಿ ಜಾಸ್ತಿ ತಗಲತ್ತೋ ಅಲ್ಲೇ ನಿಂತ್ಕೊ. ಅದೇ ನಿಮ್ಮಪ್ಪ ನಿನಗೋಸ್ಕರ ಮಾಡಿದ ಜಾಗ." ನಾನು ಕಣ್ಣು ಮುಚ್ಚಿ ತಡಕಾಡಿ ಆ ಜಾಗ ಹುಡುಕುತ್ತಿದ್ದೆ. ಸಿಕ್ಕಾಗ ಅಮ್ಮ ಚಪ್ಪಾಳೆ ತಟ್ಟುತ್ತಿದ್ದಳು. ಎಂಥ ಆಟ! ಜಗತ್ತಿನಲ್ಲಿ ನನ್ನಷ್ಟು ಅದೃಷ್ಟವಂತೆ ಇಲ್ಲ ಎಂದುಕೊಂಡಿದ್ದೆ.

ಅಮ್ಮ ತೀರಿಕೊಂಡಾಗ ಶವಪೆಟ್ಟಿಗೆಯ ಪಕ್ಕದಲ್ಲಿ ಇಡಲು ಫೋಟೋ ಹುಡುಕಿದೆವು. ಛಾಯಾಗ್ರಾಹಕನ ಮನೆ! ಫೋಟೋಗೆ ಬರವೇ? ನನ್ನ ಹುಟ್ಟುಹಬ್ಬ, ಈಸ್ಟರ್, ಸಮುದ್ರ ತೀರ, ಎಲ್ಲದರಲ್ಲಿಯೂ ಅಮ್ಮ ಇದ್ದಾಳೆ. ಎಲ್ಲದರಲ್ಲಿಯೂ ಅಂಗೈ ಅಡ್ಡ ಹಿಡಿದಿದ್ದಾಳೆ. ಒಂದರಲ್ಲಿಯೂ ಮುಖವಿಲ್ಲ. ಚಿಕ್ಕಂದಿನಲ್ಲಿ ಅದು ನಾಚಿಕೆ ಎಂದುಕೊಂಡಿದ್ದೆ. ಅಮ್ಮ ಅನಾಥಾಲಯದಿಂದ ಈ ದೇಶಕ್ಕೆ ಬಂದವಳು. ಅವಳ ತಾಯಿಯದಾಗಲಿ ತಂದೆಯದಾಗಲಿ ಒಂದು ಚಿತ್ರವೂ ಅವಳ ಬಳಿ ಇರಲಿಲ್ಲ. ಈಗ ಅವಳದೂ ಇಲ್ಲ. ಮೇಜಿನ ಮೇಲೆ ಬರೀ ಮೇಣದಬತ್ತಿ ಇಟ್ಟೆವು.

ಆವತ್ತು ಸಾವಿನ ಊಟದಲ್ಲಿ, ಚರ್ಚಿನ ಕೆಳಗಿನ ಸಭಾಂಗಣದಲ್ಲಿ, ಡೂಲಿ ಅಂಕಲ್ ನನ್ನ ಪಕ್ಕ ಕೂತರು. ಅಪ್ಪನ ಜೊತೆ ದೀಪಗಳ ಮುಖ್ಯಸ್ಥರಾಗಿ ಜೀವಮಾನವಿಡೀ ದುಡಿದ ಪ್ಯಾಟ್ ಡೂಲಿಯವರನ್ನು ನೀವೆಲ್ಲ ಬಲ್ಲಿರಿ. ಅಗೋ, ಬಾಗಿಲ ಬಳಿ ಕೂತಿದ್ದಾರೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಹೇಳುತ್ತೇನೆ.

"ನಿನಗೆ ಗೊತ್ತಿಲ್ವೇನೇ ಮಗು? ಒಂದು ಸಲ ನಿಮ್ಮಮ್ಮನ್ನ ಫಿಲ್ಮಲ್ಲಿ ತೆಗ್ದಿದ್ವಿ. ಆವತ್ತು ಕ್ಲಾರಿಸ್ ಬರ್ಲಿಲ್ಲ. ಡೈರೆಕ್ಟ್ರಿಗೆ ತಲೆ ಕೆಟ್ಟಿತ್ತು. 'ರೋಸಿ, ನೀನೇ ಮಾಡ್ಬಿಡು. ಗಂಡ ಸತ್ತ ಸುದ್ದಿ ಈಗ್ತಾನೆ ಬಂದಿದೆ. ನೀನು ಅವನ ಅಂಗಿ ಮಡಚ್ತಾ ಇದೀಯ. ಮಡಚೋದು ನಿಲ್ಲಿಸ್ಬೇಡ, ಅಷ್ಟೇ' ಅಂದ್ರು. ಅವಳು ಮಡಚಿದ್ಲು. ಮಾರನೇ ದಿನ ತೆರೆ ಮೇಲೆ ಹಾಕಿ ನೋಡಿದ್ವಿ ನೋಡು, ನಾನು ಸಿಗರೇಟು ಮರೆತು ಬೆರಳು ಸುಟ್ಕೊಂಡೆ. ಸ್ಟುಡಿಯೋದ ದೊಡ್ಡ ಸಾಹೇಬ್ರು ತಿರುಗಿ ನಿಮ್ಮಪ್ಪನ್ನ ಕೇಳಿದ್ರು. 'ಟೆರಿ, ನಿನ್ ಹೆಂಡ್ತಿಗೆ ಒಂದು ಸ್ಕ್ರೀನ್ ಟೆಸ್ಟ್ ಮಾಡೋಣ್ವಾ? ಆ ಮುಖ ನಿನಗೇ ಚೆನ್ನಾಗಿ ಗೊತ್ತಿರೋದು.' ನಿಮ್ಮಪ್ಪ ತೆರೆ ಕಡೆ ನೋಡ್ತಾನೇ, 'ಬೇಡ ಸಾರ್. ಎಡಗಣ್ಣು ಚಿಕ್ಕದು. ಕ್ಲೋಸಪ್ಪಿಗೆ ನಿಲ್ಲೋ ಮುಖ ಅಲ್ಲ' ಅಂದ."

"ಅಮ್ಮ ಎಲ್ಲಿದ್ಲು ಅಂಕಲ್?"

"ಹಿಂದೆ ಬಾಗಿಲ ಹತ್ರ ನಿಂತಿದ್ಲು. ಡೈರೆಕ್ಟ್ರೇ ಕರ್ಸಿದ್ರು. ಕತ್ತಲಲ್ಲಿ ನಿಮ್ಮಪ್ಪ ನೋಡಿರ್ಲಿಲ್ಲ."

ಸಭಿಕರೇ, ನಟಿಯ ಭವಿಷ್ಯವನ್ನು ಈ ಊರಿನಲ್ಲಿ ಯಾರು ಬರೆಯುತ್ತಾರೆ? ನಿರ್ದೇಶಕರೇ? ನಿರ್ಮಾಪಕರೇ? ಒಂದು ಮುಖದ ಬಗ್ಗೆ ಛಾಯಾಗ್ರಾಹಕ ಬೇಡ ಎಂದರೆ ಅದರ ಮೇಲೆ ಅಪೀಲು ಇಲ್ಲ. ಅದರಲ್ಲಿಯೂ ಹೆಂಡತಿಯ ಮುಖದ ಬಗ್ಗೆ ಗಂಡನೇ ಬೇಡ ಎಂದ ಮೇಲೆ? ಅಲ್ಲಿಗೆ ಮುಗಿಯಿತು. ಆ ತುಣುಕನ್ನು ಸುಟ್ಟರು. ಮಾರನೆಯ ಬೆಳಗ್ಗೆ ಅಮ್ಮ ಎಂದಿನಂತೆ ಹೋಗಿ ಬಿಸಿ ತಗಲುವ ಜಾಗದಲ್ಲಿ ನಿಂತಳು. ಅಪ್ಪ ಎಂದಿನಂತೆ ಬೆಳಕು ಹೊಂದಿಸಿದರು. ಕ್ಲಾರಿಸ್ ಅವರು ಎಂದಿನಂತೆ ಬಂದು ನಿಂತರು. ಫೋಟೋಗಳಲ್ಲಿ ಅಂಗೈ ಅಡ್ಡ ಬಂದದ್ದು ಆ ಮೇಲೆ. ಅದಕ್ಕೆ ಮೊದಲಿನ ಚಿತ್ರಗಳನ್ನು ಅವಳೇ ಹರಿದುಹಾಕಿರಬೇಕು.

ಆವತ್ತೇ ಚರ್ಚಿನ ಅಡುಗೆಮನೆಯಲ್ಲಿ, ತಟ್ಟೆ ತೊಳೆಯುವ ತೊಟ್ಟಿಯ ಮುಂದೆ, ಅಪ್ಪನನ್ನು ಕೇಳಿದೆ.

"ಅಪ್ಪ, ಅಮ್ಮನ ಎಡಗಣ್ಣು ಚಿಕ್ಕದಿತ್ತಾ?"

"ಹೂಂ. ನಿಂದೂ ಹಾಗೇ ಇದೆ."

"ಅದಕ್ಕೇ ಬೇಡ ಅಂದ್ಯಾ?"

ಅವರು ಬಹಳ ಹೊತ್ತು ಒಂದೇ ತಟ್ಟೆ ಒರೆಸಿದರು. "ಚಿಕ್ಕ ಕಣ್ಣು ದೊಡ್ಡದು ಮಾಡೋದು ನನಗೆ ಬರಲ್ವೇನೇ? ಒಂದು ದೀಪದ ಕೆಲ್ಸ" ಎಂದರು. "ಅವಳು ನಟಿಯಾಗಿ ಆ ಕಡೆ ಹೋಗ್ಬಿಟ್ಟಿದ್ರೆ ನಾನು ಯಾರನ್ನ ನೋಡಿ ಲೈಟ್ ಹಾಕ್ಲಿ? ಕ್ಲಾರಿಸ್ ಮುಖ ನಾನು ಒಂದು ದಿನಾನೂ ಸರಿಯಾಗಿ ನೋಡಿಲ್ಲ. ಲೈಟ್ ಹಾಕ್ತಿದ್ದಿದ್ದು ನಿಮ್ಮಮ್ಮನಿಗೆ. ಕ್ಲಾರಿಸ್ ಬಂದು ಅದರೊಳಗೆ ನಿಲ್ತಿದ್ಲು, ಅಷ್ಟೇ."

"ಅಮ್ಮನಿಗೆ ಇದನ್ನ ಹೇಳಿದ್ಯಾ?"

"ಹೇಳೋದೇನಿದೆ? ದಿನಾ ಅವಳ ಮೇಲೇ ಹಾಕ್ತಿದ್ನಲ್ಲ."

ಇದು ಪ್ರೀತಿಯೇ? ನೀವೇ ಹೇಳಿ, ನೀವೂ ಅದೇ ಕಸುಬಿನವರು. ಒಬ್ಬ ಹೆಂಗಸಿನ ಮೇಲೆ ಜೀವಮಾನದ ಬೆಳಕನ್ನೆಲ್ಲ ಸುರಿದು, ಒಂದು ಗೇಣು ಫಿಲ್ಮಿನಲ್ಲಿಯೂ ಅವಳನ್ನು ಉಳಿಸದೇ ಇರುವುದಕ್ಕೆ ಏನೆನ್ನುತ್ತೀರಿ? ನಾನು ಅವರಿಗೆ ಕಳ್ಳ ಎಂದೆ. ಕ್ಲಾರಿಸ್ ಅವರೇ, ನೀವು ತಲೆ ತಗ್ಗಿಸಬೇಡಿ. ನೀವು ತೆಗೆದುಕೊಂಡದ್ದು ಕೊಟ್ಟಿದ್ದನ್ನು ಮಾತ್ರ. ನಾನು ಆವತ್ತು ಮನೆ ಬಿಟ್ಟೆ.

ಇನ್ನು ನನ್ನ ಮದುವೆಯ ವಿಷಯ. ಹೇಳಲೇಬೇಕು, ಹೇಳದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ. ಎಲ್ಲ ಎಷ್ಟು ಚೆನ್ನಾಗಿತ್ತು! ನೂಬಾರನ ಕಿರೀಟ ಕಿವಿಯವರೆಗೂ ಇಳಿದಿತ್ತು. ಅವನ ಅಜ್ಜಿ ಮದುವೆ ಮುಗಿಯುವ ಮೊದಲೇ ಕುಣಿಯತೊಡಗಿದರು. ಚಿತ್ರ ತೆಗೆಯಲು ಗ್ಲೆಂಡೇಲಿನಿಂದ ಮಾರ್ಡಿಗ್ ಎಂಬ ಮುದುಕರನ್ನು ಕರೆಸಿದ್ದೆವು. ಅವರು ನನ್ನನ್ನು ಕಿಟಕಿಯ ಬಳಿ ಕೂರಿಸಿ, ಬಲಗಡೆಗೆ ಒಂದು ದೀಪ ಎತ್ತರಕ್ಕೆ ಇಟ್ಟು, ಇಳಿಸಿ, ಮತ್ತೆ ಎತ್ತಿ, ಬೆವರು ಒರೆಸಿಕೊಂಡರು.

"ಇಷ್ಟು ಕಷ್ಟ ಯಾಕೆ ಮಾರ್ಡಿಗ್? ಫ್ಲ್ಯಾಶ್ ಹೊಡೀರಿ" ಎಂದೆ.

"ಅಯ್ಯೋ, ನಿಮ್ಮಪ್ಪ ಬಿಟ್ರೆ ತಾನೇ? ರಾತ್ರಿ ಫೋನ್ ಮಾಡಿದ್ರಮ್ಮ, ಆ ಫೋನಿನ ದುಡ್ಡೂ ನನ್ನ ತಲೆ ಮೇಲೇ ಹಾಕಿ! 'ಅವಳ ಎಡಗಣ್ಣು ಚಿಕ್ಕದು. ದೀಪ ಬಲಗಡೆಯಿಂದ, ಮೇಲಿಂದ ಬರ್ಲಿ. ಫ್ಲ್ಯಾಶ್ ಹೊಡೆದ್ರೆ ನಿನ್ನ ಕೈ ಮುರೀತೀನಿ' ಅಂದ್ರು."

ಡೂಲಿ ಅಂಕಲ್, ಮಾರ್ಡಿಗ್ ಅವರ ನಂಬರು ಅಪ್ಪನಿಗೆ ಕೊಟ್ಟಿದ್ದು ನೀವೇ ಎಂದು ನನಗೆ ಗೊತ್ತು. ಮೇಜಿನ ಕೆಳಗೆ ಬಗ್ಗಬೇಡಿ.

ಅಮ್ಮನನ್ನು ಮುಗಿಸಿದ ಅದೇ ಮಾತು. ಅದೇ ಬಾಯಿಂದ, ನನ್ನ ಮದುವೆಯ ದಿನ. ಈ ಸಲ ಮಾತ್ರ ದೀಪ ಎಲ್ಲಿಡಬೇಕೆಂದೂ ಹೇಳಿದ್ದರು. ನನಗೆ ಅಳು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ. "ದೀಪ ತೆಗೀರಿ, ಎದುರಿಗೇ ಫ್ಲ್ಯಾಶ್ ಹೊಡೀರಿ" ಎಂದು ಹಟ ಹಿಡಿದೆ. ಹೊಡೆದರು. ಚಿತ್ರಗಳು ಬಂದಿವೆ. ನಾನು ಸುಲಿದ ಆಲೂಗಡ್ಡೆಯ ಹಾಗೆ ಕಾಣುತ್ತೇನೆ. ನೂಬಾರ್ ಪಾಪ, "ಚೆನ್ನಾಗಿರೋ ಆಲೂಗಡ್ಡೆ" ಎಂದ.

ಈ ವಾರವೆಲ್ಲ ಆ ಚಿತ್ರಗಳನ್ನು ನೋಡುತ್ತಲೇ ಇದ್ದೇನೆ. ಇಷ್ಟು ಸಂತೋಷದ ದಿನ, ಅದರಲ್ಲಿ ನಾನಿಲ್ಲ. ನಾನೂ ಅಮ್ಮನ ಹಾಗೆ ಅಂಗೈ ಅಡ್ಡ ಹಿಡಿದೆನಲ್ಲವೇ? ಅಂಗೈಯ ಬದಲು ಫ್ಲ್ಯಾಶ್ ಹಿಡಿದೆ, ಅಷ್ಟೇ ವ್ಯತ್ಯಾಸ. ಅಮ್ಮನಿಗೆ ಬೇರೆ ದಾರಿ ಇರಲಿಲ್ಲ. ನನಗಿದೆ.

ಆದ್ದರಿಂದ ಅಧ್ಯಕ್ಷರೇ, ಈ ಪದಕವನ್ನು ನಾನು ಒಯ್ಯುವುದಿಲ್ಲ. ದಯವಿಟ್ಟು ಅಂಚೆಯಲ್ಲಿ ಕಳಿಸಿ. ಅವರು ಅದನ್ನು ದ್ರಾಕ್ಷಿ ಒಣಹಾಕಿದ ಕಾಗದ ಹಾರದಂತೆ ಭಾರಕ್ಕೆ ಇಟ್ಟುಕೊಳ್ಳಲಿ. ನಾನು ಒಯ್ಯುವುದು ನನ್ನ ಮದುವೆಯ ಉಡುಪು ಮತ್ತು ನೂಬಾರನ ಫೋಟೋ ಕ್ಯಾಮೆರಾ. ಆ ಉಡುಪು ತೊಟ್ಟುಕೊಂಡು ಅವರೆದುರು ಕೂರುತ್ತೇನೆ. "ತೆಗಿ" ಎನ್ನುತ್ತೇನೆ. ಕ್ಷಮಿಸಿದೆ ಎಂದು ಹೇಳುವುದಿಲ್ಲ; ಕ್ಷಮಿಸಿಲ್ಲ. ತೆಗೆದರೆ ತೆಗೆಯಲಿ. ಈ ಮುಖ ಬೇಡ ಎನ್ನುವುದಾದರೆ ಕತ್ತಲೆ ಕೋಣೆಯಲ್ಲಿ ಬೆನ್ನು ತಿರುಗಿಸಿಕೊಂಡು ಅನ್ನಕೂಡದು. ಹಗಲು ಬೆಳಕಿನಲ್ಲಿ, ನನ್ನ ಕಣ್ಣು ನೋಡಿಕೊಂಡು ಅನ್ನಬೇಕು. ಅಮ್ಮನಿಗೆ ಅಷ್ಟೂ ಸಿಗಲಿಲ್ಲ.

ಇಲ್ಲ ನೂಬಾರ್, ಒಂದೇ ಟಿಕೇಟು ಕೊಳ್ಳುತ್ತೇನೆ. ಈ ಸಲ ನಾನೊಬ್ಬಳೇ ಹೋಗುತ್ತೇನೆ.

ನನ್ನ ಸಂತೋಷವನ್ನೂ ಸಿಟ್ಟನ್ನೂ ಒಂದೇ ತಟ್ಟೆಯಲ್ಲಿ ಬಡಿಸಿದರೂ ಎದ್ದುಹೋಗದೆ ಕೂತು ಕೇಳಿದ ನಿಮಗೆಲ್ಲ ನನ್ನ ಕೃತಜ್ಞತೆ. ನಮಸ್ಕಾರ. ಡೂಲಿ ಅಂಕಲ್, ಹೇಗೂ ನೀವು ಇವತ್ತು ಮನೆಗೆ ಹೋದ ಕೂಡಲೇ ಅವರಿಗೆ ಫೋನ್ ಮಾಡುತ್ತೀರಿ. ನಾನು ಬರುತ್ತಿದ್ದೇನೆ ಎಂದು ಹೇಳಿ. ಈ ಭಾನುವಾರ, ಸಾನ್ ವಾಕೀನ್ ಡೇಲೈಟ್ ರೈಲಿಗೆ.