ಕೆಳಗಿನ ದಾರ

...ಹೂಂ ಕಣೇ, ಎರಡೂ ಆಯ್ತು. ಬೆಳಿಗ್ಗೆ ಕರೆಂಟು, ಆಮೇಲೆ ಡ್ರಿಪ್ಪು. ಯಾಕೆ ಹಾಗೆ ನೋಡ್ತೀಯಾ? ಒಂದು ದಿನ ಹೆಂಡತಿ ಜೊತೆಗೆ ಬರದಿದ್ರೆ ನಾನೇನು ಕಳೆದುಹೋಗ್ತೀನಾ?

ಕರೆಂಟು ಕೊಡೋಕೆ ಮುಖಕ್ಕೆ ಆ ಜಾಲರಿ ಮುಖವಾಡ ಹಾಕಿ ಮೇಜಿಗೆ ಬಿಗಿದ್ರು. ಮಿಸುಕಾಡೋ ಹಾಗಿಲ್ಲ, ಮಾತಾಡೋ ಹಾಗಿಲ್ಲ. ನನ್ನ ಬಾಯಿ ಮುಚ್ಚಿಸೋಕೆ ಮೂವತ್ತು ವರ್ಷದಿಂದ ಒದ್ದಾಡ್ತಿದ್ದೀಯಲ್ಲ, ಅದನ್ನ ಮನೆಗೆ ಕೊಡ್ತೀರಾ ಅಂತ ನಿನಗೋಸ್ಕರ ಕೇಳಿದೆ. ...ನಗಲ್ವಾ? ಹೋಗ್ಲಿ ಬಿಡು.

ಡ್ರಿಪ್ಪಿನ ಕೋಣೇಲಿ ಪಕ್ಕದ ಕುರ್ಚಿಗೆ ಹೊಸಬರು ಬಂದಿದ್ರು. ಅವರದ್ದೂ ನನ್ನ ಥರಾನೇ, ಗಂಟಲಲ್ಲಿ ಹುಟ್ಟಿ ಕುತ್ತಿಗೆಗೆ ಇಳಿದಿರೋ ಗಡ್ಡೆ. ರೇಡಿಯೇಷನ್ ಕರೆಂಟೊಂದೇ ಸಾಲದಾ, ಈ ಡ್ರಿಪ್ಪು ಬೇರೆ ಯಾಕೆ ಅಂದ್ರು. ನೋಡಿ ಸ್ವಾಮಿ, ನಾನು ಹೊಲಿಗೆ ಮೆಷಿನ್ ರಿಪೇರಿಯವನು ಅಂದೆ. ಮೇಲಿನ ದಾರ ಕರೆಂಟು, ಕೆಳಗಿನ ದಾರ ಔಷಧಿ. ಎರಡೂ ಸೇರಿದ್ರೇನೇ ಹೊಲಿಗೆ ನಿಲ್ಲೋದು. ಒಂದೇ ಇದ್ರೆ ಬಟ್ಟೆಗೆ ಬರೀ ತೂತು. ಡಾಕ್ಟರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ, ಅಲ್ವಾ?

ಏ, ಕೈ ಯಾಕೆ ಹಿಡ್ಕೊಂಡೆ? ಈ ವಯಸ್ಸಲ್ಲಿ... ಬಾಗಿಲು ತೆಗೆದಿದೆ ಕಣೇ. ...ಬೆರಳು ಯಾಕೆ ಮೂಸ್ತೀಯಾ? ಮೆಷಿನ್ ಎಣ್ಣೆನಾ? ಹಳೇದಿರಬೇಕು, ಉಗುರಿಗೆ ಹತ್ತಿದ್ದು ಅಷ್ಟು ಬೇಗ ಹೋಗುತ್ತಾ... ಸೂಜಿ ಜಾಗದ ಪ್ಲಾಸ್ಟರ್ ಕೀಳಬೇಡ್ವೇ, ರೋಮ ಕಿತ್ತು ಬರುತ್ತೆ... ಹೂಂ. ಸೂಜಿ ಚುಚ್ಚಿದ ಗುರುತಿಲ್ಲ. ನಾನೇ ಅಂಟಿಸ್ಕೊಂಡೆ. ಕರೆಂಟು ನಿಜ, ಡ್ರಿಪ್ಪು ಸುಳ್ಳು.

ಪಕ್ಕದ ಕುರ್ಚಿಯವರ ಕಥೆ ಹೋದ ವಾರದ್ದು, ನೀನು ಹೊರಗೆ ಕೂತಿದ್ದಾಗಿನದು. ಇವತ್ತು ಆಸ್ಪತ್ರೆಯ ಹೊಲಿಗೆ ಕೋಣೇಲಿ ಒಂದು ಮೆಷಿನ್ ಕಟಕಟ ಅಂತಿತ್ತು, ವರಾಂಡಕ್ಕೇ ಕೇಳಿಸ್ತು. ಐದು ನಿಮಿಷ ರಿಪೇರಿ ಅಂತ ಕೂತೆ, ಮೂರು ಗಂಟೆ ಆಗಿಹೋಯ್ತು. ...ಅಲ್ಲ, ಅದೂ ಸುಳ್ಳು. ಬೇಕು ಅಂತಲೇ ಕೂತೆ.

ಈ ಡ್ರಿಪ್ಪಿನ ಔಷಧಿಗೆ ಕೆಲವರ ಕಿವಿ ಮಂದ ಆಗಬಹುದು, ಗುಂಯ್ ಅಂದ್ರೆ ತಕ್ಷಣ ಹೇಳಿ ಅಂದಿದ್ರು ಡಾಕ್ಟರು. ನಾಲ್ಕು ದಿನದಿಂದ ಗುಂಯ್ ಅಂತಿದೆ ಕಣೇ. ಯಾರಿಗೂ ಹೇಳಲಿಲ್ಲ. ಯಾವ ಮೆಷಿನ್ನಿಗೆ ಎಲ್ಲಿ ತೊಂದರೆ ಅಂತ ಕಿವಿಯಲ್ಲೇ ಹಿಡಿಯೋನು ನಾನು. ಕಿವಿ ಹೋದ್ರೆ ನಾನ್ಯಾರು? ತುಂಬ ಹೆದರಿಕೆ ಆಯ್ತು.

ಬೈಯಿ. ಮೊನ್ನೆ ಲೋಟ ಒಡೆದಿದ್ದಕ್ಕೆ ಅರ್ಧ ದಿನ ಬೈದೆ, ಇದಕ್ಕೆ ಒಂದು ಮಾತೂ ಇಲ್ವಾ? ...ಅಳಬೇಡ್ವೇ. ನೀನು ಹೀಗೆ ಸುಮ್ಮನೆ ಕೂತ್ರೆ, ಈ ಕಿವಿ ಉಳಿಸ್ಕೊಂಡು ನಾನು ಏನು ಕೇಳಿಸ್ಕೊಳ್ಳಲಿ?

...ಆ ಫೋನ್ ಕೊಡು. ನಾಳೆ ಡ್ರಿಪ್ಪಿಗೆ ಕುರ್ಚಿ ಖಾಲಿ ಇದೆಯಾ ಅಂತ ನರ್ಸಮ್ಮನ್ನ ಕೇಳ್ತೀನಿ. ಕಿವಿ ವಿಷಯಾನೂ ನಾನೇ ಹೇಳ್ತೀನಿ. ನೀನೂ ಬಾ. ದಾರಿಯುದ್ದಕ್ಕೂ ಬೈಕೊಂಡು ಬಾ, ಸ್ವಲ್ಪ ಜೋರಾಗಿ.