ಮುಂದೆ ಓಡಿಸಿದ ಮೂವತ್ತು ಸೆಕೆಂಡು

ಮೂಳೆ ಡಾಕ್ಟರ ಕೋಣೆಯ ಹೊರಗೆ ನನ್ನ ಪಕ್ಕದಲ್ಲಿ ಅಕ್ಕ ತಂಗಿ ಇಬ್ಬರು ಕೂತಿದ್ದರು. ವಾಲಿಬಾಲ್ ಜೆರ್ಸಿ ತೊಟ್ಟಿದ್ದ ಅಕ್ಕನ ಮೊಣಕಾಲು ಕುಂಬಳಕಾಯಿಯ ಹಾಗೆ ಊದಿತ್ತು. ಇದ್ದಕ್ಕಿದ್ದಂತೆ ಅವಳು ಕಿವಿಯಿಂದ ಇಯರ್‌ಫೋನ್ ಕಿತ್ತಳು.

"ಇದೇ ತಾನೇ ನೀನು ಕೇಳಿದ ಪಾಡ್‌ಕಾಸ್ಟು?"

"ಹೂಂ ಅಕ್ಕ. ಮೊಣಕಾಲು ನೋವಿಗೆ ಅಂತ ಅದರಲ್ಲಿ ಹೇಳಿದ ಬಸ್ಕಿನೇ ನಿನ್ನ ಕೈಲಿ ಹೊಡೆಸಿದ್ದು."

"ಊತ ಇಳಿಯೋವರೆಗೂ ಹೊಡೀಲೇಬೇಡಿ ಅಂತಾನೂ ಹೇಳಿದ್ದಾರಲ್ಲೇ!"

"ಎಲ್ಲಿ? ನಾನು ಕೇಳೇ ಇಲ್ಲ."

"ಜಾಹೀರಾತು ಮುಗಿದ ತಕ್ಷಣ."

ತಂಗಿಯ ಮುಖ ಸಪ್ಪಗಾಯಿತು.

"ಜಾಹೀರಾತು ಬಂದ್ರೆ ನಾನು ಮೂವತ್ತು ಸೆಕೆಂಡು ಮುಂದೆ ಓಡಿಸಿಬಿಡ್ತೀನಿ..."

"ನೋವು ನೋವು ಅಂತ ನಾನು ಬಾಯಿ ಬಡ್ಕೊಂಡೆ. ನೋವಾದ್ರೆ ವಾಸಿಯಾಗ್ತಿದೆ ಅಂತ ಅರ್ಥ ಅಂದ್ಯಲ್ಲ, ಅದನ್ಯಾರು ಹೇಳಿದ್ರು?"

"ಅದು... ನಾನೇ."

"ಹತ್ತು ದಿನ ಹೊಡೆಸಿದ್ಯಲ್ಲೇ! ಭಾನುವಾರ ಫೈನಲ್ಲು. ಈ ಕಾಲಲ್ಲಿ ಏನು ನೆಗೀಲಿ?"

"ಒಳ್ಳೇದಾಗ್ಲಿ ಅಂತಾನೇ ಮಾಡ್ದೆ ಅಕ್ಕ."

"ಬಾಯಿ ಮುಚ್ಚು."

ನರ್ಸು ಕರೆದಳು. ತಂಗಿ ಚಾಚಿದ ತೋಳನ್ನು ಬಿಟ್ಟು ಅಕ್ಕ ಗೋಡೆ ಹಿಡಿದು ಎದ್ದಳು.

"ನಾನೂ ಬರ್ತೀನಿ. ಡಾಕ್ಟ್ರು ಹೇಳೋದನ್ನ ಸರಿಯಾಗಿ ಕೇಳಿಸ್ಕೋತೀನಿ."

"ಇಲ್ಲೇ ಬಿದ್ದಿರು. ಅವರನ್ನೂ ಮುಂದೆ ಓಡಿಸಿಬಿಡ್ತೀಯ!"

ಅಂದವಳೇ ಕುಂಟುತ್ತ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.