ಮುಚ್ಚದೆ ಬಿಟ್ಟ ಒಂದು ಮೊಳ ಗೋಡೆ

ವೆಂಕಟರವಣಪ್ಪನವರ ಮನೆಯವರಾದ ಅನಸೂಯಮ್ಮನವರೇ, ಮಗಳು ತನುಜ ಅವರೇ, ಶಿಡ್ಲಘಟ್ಟ, ಗೌರಿಬಿದನೂರಿನಿಂದ ಕೆಲಸ ಬಿಟ್ಟು ಬಂದಿರೋ ಎಲೆಕ್ಟ್ರಿಕಲ್ ಗುತ್ತಿಗೆದಾರರೇ, ಕುರ್ಚಿ ಸಾಲದೆ ಬಾಗಿಲಲ್ಲಿ ನಿಂತಿರೋ ವೈರ್‌ಮನ್ ಅಣ್ಣಂದಿರೇ — ಎಲ್ಲರಿಗೂ ನಮಸ್ಕಾರ.

ನನ್ನ ಹೆಸರು ಸಂಘಮಿತ್ರ. ಇದೇ ಚಿಂತಾಮಣಿಯಲ್ಲಿ ಐದು ವರ್ಷದಿಂದ ಲೈಸೆನ್ಸ್ ಇಟ್ಟುಕೊಂಡು ವೈರಿಂಗ್ ಗುತ್ತಿಗೆ ಮಾಡ್ತಿದ್ದೀನಿ. ಇಲ್ಲಿವರೆಗೆ ಮಾತಾಡಿದ ಹಿರಿಯರೆಲ್ಲ ವೆಂಕಟರವಣಪ್ಪನವರ ಮೇಲಿನ ಪ್ರೀತಿ ಹೇಳಿಕೊಂಡರು. ನನಗೆ ಅವರ ಮೇಲಿದ್ದದ್ದು ಹೊಟ್ಟೆಕಿಚ್ಚು. ನಾನು ಅದನ್ನೇ ಹೇಳ್ತೀನಿ. ಈ ಫೋಟೋ ಮುಂದೆ ನಿಂತು ಇಲ್ಲದ್ದನ್ನು ಹೇಳೋಕೆ ನನಗೆ ಬರಲ್ಲ.

ನಾನು ಕಾಲೇಜಿನಲ್ಲಿ ಓದಿದ್ದು ಕಡಿಮೆ. ಸುರಕ್ಷತಾ ಸಪ್ತಾಹದಲ್ಲಿ ಹಂಚೋ ಕರಪತ್ರ, ಕಾರ್ಮಿಕ ಸಂಘದ ಕಿರುಹೊತ್ತಿಗೆ, ಹತ್ತು ರೂಪಾಯಿಯ ನಿಯಮಾವಳಿ — ಇವನ್ನೇ ಬಸ್ಸಲ್ಲಿ, ಟೀ ಅಂಗಡಿಯಲ್ಲಿ ಓದಿ ಓದಿ ಬೆಳೆದೋಳು. ಯಾವ ನಿಯಮ ಕೇಳಿದರೂ ಬಾಯಲ್ಲೇ ಇರುತ್ತೆ. ವೆಂಕಟರವಣಪ್ಪನವರು ನನಗೆ ಇಟ್ಟಿದ್ದ ಹೆಸರು ಕರಪತ್ರಮ್ಮ. ದೂರದಿಂದ ಕಂಡರೆ ಸಾಕು, "ಏಮ್ಮಾ ಕರಪತ್ರಮ್ಮ, ಈ ವಾರ ಯಾವ ನಿಯಮ?" ಅನ್ನೋರು. ಸುತ್ತ ಇರೋರೆಲ್ಲ ನಗೋರು. ನನಗೆ ಮೈ ಉರಿಯೋದು.

ಉರಿಯೋಕೆ ಕಾರಣ ಅದೊಂದೇ ಅಲ್ಲ. ನಾನೊಂದು ಅಂಗಡಿ ಸಾಲಿಗೆ ವೈರಿಂಗ್ ಮಾಡಿ ತಪಾಸಣೆಗೆ ಕರೆದರೆ ಅಧಿಕಾರಿಗಳು ಮೂರು ಸಲ ಬರೋರು. ಬೋರ್ಡ್ ಬಿಚ್ಚೋರು, ನಕ್ಷೆ ಕೇಳೋರು, ಮತ್ತೆ ಬರ್ತೀವಿ ಅನ್ನೋರು. ವೆಂಕಟರವಣಪ್ಪನವರ ಕಟ್ಟಡಕ್ಕೆ ಒಂದೇ ಸಲ. ಅದೂ ಅವರ ಫ್ಲಾಸ್ಕಿನ ಟೀ ಕುಡಿದು, ಮೆಟ್ಟಿಲ ಹತ್ತಿರಾನೇ ನಿಂತು — "ವೆಂಕಟರವಣಪ್ಪಂದಾ? ಹಂಗಾದ್ರೆ ಸರಿ ಬಿಡಿ."

ಹಂಗಾದ್ರೆ ಸರಿ ಬಿಡಿ. ಆ ಮೂರು ಮಾತು ನನಗೆ ಯಾರೂ ಹೇಳಲಿಲ್ಲ. ಅದು ನನಗೆ ಬೇಕಿತ್ತು. ಆಸೆಯಿಂದ ಬೇಕಿತ್ತು.

ಎರಡು ವರ್ಷದ ಹಿಂದೆ ನಾನೇ ಅವರ ಮೇಲೆ ದೂರು ಬರೆದೆ. ಪೆರೇಸಂದ್ರದಲ್ಲಿ ಹೆದ್ದಾರಿ ಪಕ್ಕ ಒಂದು ಹೊಸ ಹೋಟೆಲ್ಲಿಗೆ ಅವರು ವೈರಿಂಗ್ ಮಾಡಿದ್ದರು. ಗೋಡೆ ಒಳಗೆ ಏನಿದೆಯೋ ನೋಡದೆ ಅನುಮತಿ ಕೊಟ್ಟಿದ್ದಾರೆ, ಒಡೆದು ನೋಡಿ ಅಂತ ಎರಡು ಪುಟ ಟೈಪ್ ಮಾಡಿಸಿ ಕಳಿಸಿದೆ. ನ್ಯಾಯಕ್ಕಾಗಿ ಬರೆದೆ ಅಂದುಕೊಂಡಿದ್ದೆ. ಅದರಲ್ಲಿ ನ್ಯಾಯ ಕಾಲುಪಾಲು, ಉಳಿದದ್ದೆಲ್ಲ ಕಿಚ್ಚು.

ತಪಾಸಣೆಯವರು ಬಂದರು, ನಾಲ್ಕು ಕಡೆ ಗಾರೆ ಒಡೆದರು. ನಾನು ರಸ್ತೆಯ ಆಚೆ ನಿಂತು ನೋಡ್ತಿದ್ದೆ. ಅಧಿಕಾರಿಗಳಿಗೆ ಟಾರ್ಚ್ ಹಿಡಿದು ನಿಂತಿದ್ದವರು ವೆಂಕಟರವಣಪ್ಪನವರೇ. ನಾಲ್ಕು ಕಡೆಯೂ ಕೆಲಸ ಅಚ್ಚುಕಟ್ಟು. ಒಂದು ಸ್ಕ್ರೂ ಸಡಿಲ ಇಲ್ಲ.

ಅವತ್ತು ಸಂಜೆ ನನ್ನ ಅಂಗಡಿಗೆ ಬಂದರು. ದೂರು ಯಾರದು ಅಂತ ಕೇಳಲಿಲ್ಲ. ಗೊತ್ತಿತ್ತು. ಸ್ಟೂಲ್ ಮೇಲೆ ಕೂತು ಹೇಳಿದರು — "ಯಾರೋ ಒಳ್ಳೆ ಕೆಲಸ ಮಾಡಿದ್ರು ಕಣಮ್ಮ. ಇಪ್ಪತ್ತು ವರ್ಷದಿಂದ ನನ್ನ ಗೋಡೆ ಒಡೆದು ನೋಡೋರೇ ಇರಲಿಲ್ಲ. ಭಯ ಆಗ್ತಿತ್ತು."

ಅಣಕಿಸ್ತಿದ್ದಾರೆ ಅಂದುಕೊಂಡೆ. ಆಮೇಲೆ ಅವರ ಫೋನ್ ಬಂದರೆ ಎತ್ತೋದನ್ನೇ ಬಿಟ್ಟೆ.

ಈಗ ಹದಿನೈದು ದಿನದ ಹಿಂದೆ ಅವರ ಫೋನ್ ಎರಡು ಸಲ ಬಂತು. ಪರದೆ ಮೇಲೆ ಹೆಸರು ನೋಡಿದೆ. ಮೇಜಿನ ಮೇಲೆ ಬೋರಲು ಹಾಕಿದೆ. ನಾಲ್ಕು ದಿನಕ್ಕೆ ಸುದ್ದಿ ಬಂತು — ಎದೆನೋವು, ಆಸ್ಪತ್ರೆ ಸೇರೋಷ್ಟರಲ್ಲಿ ಹೋಗಿಬಿಟ್ಟರು ಅಂತ.

ಅವರ ಕೊನೆಯ ಕೆಲಸ ಮುರಳಿಮೋಹನ್ ಅವರ ಮೂರು ಮಹಡಿಯ ಅಂಗಡಿ ಸಂಕೀರ್ಣ. ಮುರಳಿಮೋಹನ್ ಅವರು ಇಲ್ಲೇ ಮೊದಲನೇ ಸಾಲಲ್ಲಿದ್ದಾರೆ. ಸೋಮವಾರ ತಪಾಸಣೆ, ಮುಂದಿನ ವಾರ ಉದ್ಘಾಟನೆ, ಕಾರ್ಡೂ ಹಂಚಿ ಆಗಿದೆ. ಕೆಲಸ ಮುಗಿದಿದೆ ಅನ್ನೋ ವರದಿಗೆ ಲೈಸೆನ್ಸ್ ಇರೋರು ಸಹಿ ಹಾಕಬೇಕು. ನನ್ನನ್ನು ಕೇಳಿದರು. "ಅವರ ಕೈಕೆಲಸ ಕಣಮ್ಮ, ನೋಡೋದೇನಿದೆ?" ಅಂದರು.

ಮಂಗಳವಾರ ಹೋದೆ. ಎಲ್ಲ ಗೋಡೆಗೂ ಗಾರೆ ಆಗಿತ್ತು. ಎರಡನೇ ಮಹಡಿಯಲ್ಲಿ ಲಿಫ್ಟಿನ ಹಿಂದೆ ಮಾತ್ರ ಒಂದು ಮೊಳ ಗೋಡೆ ಮುಚ್ಚಿರಲಿಲ್ಲ. ಒಳಗಿನ ಪೈಪು ಸೀಳಿತ್ತು. ಹಸಿರು ವೈರು ಮಧ್ಯದಲ್ಲಿ ತುಂಡಾಗಿ, ತಿರುಚಿ, ಟೇಪ್ ಸುತ್ತಿತ್ತು. ಕೆಲಸದವರಿಗೆ ಇದು ಹೇಳಬೇಕಿಲ್ಲ, ಮಿಕ್ಕವರಿಗೆ ಹೇಳ್ತೀನಿ. ಸೋರೋ ಕರೆಂಟನ್ನು ಭೂಮಿಗೆ ಇಳಿಸೋದು ಆ ಹಸಿರು ವೈರು. ಗೋಡೆ ಒಳಗೆ ಅದು ಬಿಟ್ಟುಹೋದರೆ, ಬೆಳಿಗ್ಗೆ ಶಟರ್ ಎಳೆಯೋ ಕೈಗೆ ಆ ಕರೆಂಟ್ ಹೊಡೆಯುತ್ತೆ.

ನನಗೆ ಏನಾಯ್ತು ಗೊತ್ತಾ? ಖುಷಿ ಆಯ್ತು. ಅನಸೂಯಮ್ಮನವರೇ, ಕ್ಷಮಿಸಿ — ಸಿಕ್ಕಿಬಿದ್ದರು ಅಂತ ಖುಷಿ ಆಯ್ತು.

ಆಮೇಲೆ ಕೆಳಗೆ ನೋಡಿದೆ. ಇಟ್ಟಿಗೆ ಮೇಲೆ ಅವರದೇ ಅಕ್ಷರ, ಬಡಗಿಯ ಪೆನ್ಸಿಲ್ಲು. "ಮೈ ಹುಷಾರಿಲ್ಲದೆ ಈ ಮಹಡಿ ನೋಡದೇ ಮುಚ್ಚಿಸಿದೆ. ತಪ್ಪು ನನ್ನದು. ಆಮೇಲೆ ಒಡೆದು ನೋಡಿದೆ, ಇಲ್ಲೊಂದು ಸಿಕ್ಕಿತು. ಉಳಿದದ್ದು ಸಂಘಮಿತ್ರ ನೋಡಲಿ."

ಗಾರೆ ಕೆಲಸದ ಎರ್ರಪ್ಪಣ್ಣ ಹಿಂದೆ ನಿಂತಿದ್ದ. "ನಾನು ಮುಚ್ತೀನಿ ಅಂದ್ರೆ ಆಯಪ್ಪ ಬಿಡ್ಲಿಲ್ಲಮ್ಮ. ಕರಪತ್ರಮ್ಮ ನನ್ನ ಗೋಡೆ ನಂಬಲ್ಲ, ಅವಳೇ ಬರ್ಲಿ, ಫೋನ್ ಮಾಡಿದೀನಿ ಅಂದ್ರು," ಅಂದ.

ನಾನು ಎತ್ತದೇ ಇದ್ದ ಫೋನ್ ಅದು.

ಊರೆಲ್ಲ ನಂಬಿದ ಮನುಷ್ಯ, ನಂಬದೇ ಇದ್ದ ಒಬ್ಬಳನ್ನು ಹುಡುಕ್ತಿದ್ದರು. ಅವರ ತಪ್ಪನ್ನು ಕೂಡ ನನಗಿಂತ ಮುಂಚೆ ಅವರೇ ಕಂಡುಹಿಡಿದಿದ್ದರು. ಅದಕ್ಕೂ ಹೊಟ್ಟೆಕಿಚ್ಚು ಪಡ್ತಿದ್ದೀನಿ. ಇವತ್ತು, ಇಲ್ಲಿ ನಿಂತು, ಹಾರ ಹಾಕಿರೋ ಫೋಟೋ ನೋಡ್ತಾ. ನನ್ನ ಗೋಡೆ ಮೇಲೆ ನಾನು ಹಂಗೆ ಬರೀತಿದ್ದೆನಾ? ಗೊತ್ತಿಲ್ಲ.

ಇದು ಇಂಥ ಸಭೆಯಲ್ಲಿ ಹೇಳೋ ಮಾತಲ್ಲ ಅಂತ ಕೆಲವರಿಗೆ ಅನಿಸ್ತಿರಬಹುದು. ಬೆಳಿಗ್ಗೆ ಮನೆಗೆ ಹೋಗಿ ಅನಸೂಯಮ್ಮನವರನ್ನು ಕೇಳಿಕೊಂಡೇ ಬಂದೆ. ಅವರು ಹೇಳಿದರು — "ಅವರೇ ಬರೆದಿಟ್ಟಿದ್ದಾರಲ್ಲಮ್ಮ. ಓದು."

ಮುರಳಿಮೋಹನ್ ಅವರೇ, ಸೋಮವಾರ ನಾನು ಸಹಿ ಹಾಕಲ್ಲ. ಎರಡನೇ ಮಹಡಿ ಪೂರ್ತಿ ಒಡೀಬೇಕು. ನಾನೇ ನಿಂತು ಒಡೆಸ್ತೀನಿ, ನಾನೇ ಸರಿ ಮಾಡಿಸ್ತೀನಿ. ಕಾರ್ಡಿನ ಮೇಲಿನ ತಾರೀಖು ತಿದ್ದಿ. ನಿಮಗೆ ಸಿಟ್ಟು ಬಂದರೆ ನನ್ನ ಮೇಲೆ ಬರಲಿ, ಅವರ ಮೇಲೆ ಬೇಡ.

ಕೊನೆಗೆ ಒಂದು ಮಾತು. ಹೊಸ ಕಟ್ಟಡಕ್ಕೆ ಮೊದಲ ಸಲ ಕರೆಂಟ್ ಕೊಟ್ಟಾಗ ವೆಂಕಟರವಣಪ್ಪನವರು ಎಲ್ಲರನ್ನೂ ಸುಮ್ಮನಿರಿಸೋರು — ಮಾಲೀಕರನ್ನೂ, ಅಧಿಕಾರಿಗಳನ್ನೂ. ಬೋರ್ಡಿನ ಪಕ್ಕ ಕಿವಿ ಇಟ್ಟು ಎರಡು ನಿಮಿಷ ನಿಲ್ಲೋರು. ಎಲ್ಲಾದರೂ ಗುಂಯ್ ಅನ್ನುತ್ತಾ, ಚಟ್ ಅನ್ನುತ್ತಾ ಅಂತ ಕೇಳೋರು. ಅವರ ಜೊತೆ ಕೆಲಸ ಮಾಡಿದೋರಿಗೆಲ್ಲ ಆ ಎರಡು ನಿಮಿಷ ಗೊತ್ತು.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಫ್ಯಾನ್ ಆಫ್ ಮಾಡಿ, ಅಣ್ಣಾ. ಎರಡು ನಿಮಿಷ — ನಾವು ಯಾವ್ಯಾವ ಗೋಡೆ ನೋಡದೇ ಮುಚ್ಚಿದ್ದೀವೋ, ಅದನ್ನು ಕೇಳಿಸಿಕೊಳ್ಳೋಣ.